ಎಪ್ಪತ್ತರ ಪಾತುಮ್ಮಂದಿರು

ಚೆರುಂಕುನ್ನಿನ ಸುತ್ತಮುತ್ತಲಿನ ಮುದುಕಿಯರಿಗೆಲ್ಲ ಎಪ್ಪತ್ತೇ ವಯಸ್ಸು. ಕೆಲವರಿಗೆ ಆ ಎಪ್ಪತ್ತು ಹದಿನೈದು ವರ್ಷದಿಂದ ನಡೆಯುತ್ತಿದೆ. ಹುಟ್ಟಿದ ದಿನವನ್ನು ಯಾರೂ ಬರೆದಿಡದ ಕಾಲದಲ್ಲಿ ಹುಟ್ಟಿದವರು. ಯಾರಾದರೂ ಪೆನ್ನು ಹಿಡಿದು ಕೇಳಿದರೆ, "ಒಂದು ಎಪ್ಪತ್ತು ಅಂತ ಹಾಕ್ಕೊಳ್ಳಿ" ಅನ್ನುತ್ತಾರೆ, ಕೇಳಿದವರು ಹಾಕಿಕೊಳ್ಳುತ್ತಾರೆ. ಅದರಿಂದ ಯಾರಿಗೂ ಏನೂ ಕೆಟ್ಟದ್ದಾಗಿರಲಿಲ್ಲ, ಆ ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆಯವರೆಗೆ.

ಕೆಟ್ಟದ್ದು ಮಾಡಿದವನು ಷಿಜಿತ್. ಒಳ್ಳೆಯ ಹುಡುಗ, ಅದನ್ನು ಮೊದಲೇ ಹೇಳಿಬಿಡಬೇಕು. ಬುದ್ಧಿವಂತನೂ ಹೌದು, ತೊಂದರೆ ಬಂದದ್ದೇ ಆ ಬುದ್ಧಿಯಿಂದ. ಕಲ್ಲಿಕೋಟೆಯಲ್ಲಿ ಏಳು ವರ್ಷ ದೊಡ್ಡ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಂಡು, ಆಮೇಲೆ ಊರಿಗೆ ಬಂದು, ಚೆರುಂಕುನ್ನಿನ ಪಾಲಿಯೇಟಿವ್ ಕ್ಲಿನಿಕ್ಕಿನ ಒಂದೇ ಒಂದು ಕಂಪ್ಯೂಟರಿಗೆ ಯಜಮಾನನಾಗಿದ್ದ. ಆ ಕ್ಲಿನಿಕ್ಕಿಗೆ ರೋಗಿಗಳು ಬರುವುದು ಕಡಿಮೆ, ಕ್ಲಿನಿಕ್ಕೇ ಅವರ ಮನೆಗೆ ಹೋಗುತ್ತದೆ. ವಾಸಿಯಾಗದ ಕಾಯಿಲೆಯವರು, ಹಾಸಿಗೆ ಹಿಡಿದವರು, ಅಂಥವರ ಮನೆಬಾಗಿಲಿಗೆ ದಿನಾ ಎರಡು ಜೀಪು ಹೊರಡುತ್ತವೆ. ನೋವಿಗೆ ಮಾತ್ರೆ ಕೊಟ್ಟು, ಹುಣ್ಣು ತೊಳೆದು, ಒಂದಷ್ಟು ಹರಟೆ ಹೊಡೆದು ಬರುತ್ತವೆ. ಯಾರಿಗೆ ಯಾವ ಕಾಯಿಲೆ, ಎಷ್ಟು ಮಾತ್ರೆ, ನಿನ್ನೆ ಹೇಗಿದ್ದರು ಅನ್ನುವುದೆಲ್ಲ ಕಂಪ್ಯೂಟರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಾಳೆ. ತೀರಿಕೊಂಡವರದ್ದೂ ಸೇರಿ ಸಾವಿರದ ನೂರ ನಲವತ್ತು ಹಾಳೆಗಳಿದ್ದವು.

ಎರಡು ವರ್ಷದ ಹಿಂದೆ ತುಲಾ ಮಾಸದ ಸಿಡಿಲಿಗೆ ಹಳೆಯ ಕಂಪ್ಯೂಟರ್ ಸುಟ್ಟುಹೋಗಿತ್ತು. ಅದರ ನಕಲು ಇತ್ತು, ಆದರೆ ಒಂಬತ್ತು ದಿನ ಹಳೆಯದು. ಆ ಒಂಬತ್ತು ದಿನದ ಬರಹವನ್ನು ಸಿಸ್ಟರುಗಳು ಮನೆಮನೆ ಅಲೆದು ಮತ್ತೆ ಕೂಡಿಸಬೇಕಾಯಿತು. ಅವತ್ತಿನಿಂದ ಆಯಿಷಾಬಿ ಟೀಚರ್ ದಿನಾ ಸಂಜೆ ನಾಲ್ಕೂವರೆಗೆ ಎಲ್ಲ ಹಾಳೆಗಳ ಬ್ಯಾಕಪ್ಪನ್ನು ಅಂಗೈಯಗಲದ ಒಂದು ಡಬ್ಬಿಗೆ ಇಳಿಸಿ, ಹಸಿರು ಬಟ್ಟೆಯ ಚೀಲಕ್ಕೆ ಹಾಕಿ, ಬಸ್ಸಿನಲ್ಲಿ ಮನೆಗೆ ಒಯ್ಯತೊಡಗಿದರು. ಟೀಚರ್ ಮೂವತ್ತೊಂದು ವರ್ಷ ಎಂಟನೇ ಕ್ಲಾಸಿನವರಿಗೆ ಗಣಿತ ಕಲಿಸಿ ನಿವೃತ್ತರಾದವರು. ಕ್ಲಿನಿಕ್ಕಿನಲ್ಲಿ ಸಂಬಳವಿಲ್ಲದೆ ದುಡಿಯುವ ನಲವತ್ತು ಜನರಲ್ಲಿ ಒಬ್ಬರು. ಚೀಲವನ್ನು ಅವರೇ ಹೊಲಿದಿದ್ದರು.

ಮೊನ್ನೆ ಮೊನ್ನೆ ಯಾರೋ ಒಳ್ಳೆಯ ಮನಸ್ಸಿನವರು ಕ್ಲಿನಿಕ್ಕಿಗೆ ಇನ್ನೊಂದು ಮಿಷನ್ ಕೊಟ್ಟಾಗ, ಅದನ್ನು ಏನು ಮಾಡುವುದು ಅಂತ ಭಾನುವಾರದ ಸಮಿತಿಯಲ್ಲಿ ಚರ್ಚೆಯಾಯಿತು. ದಿನದಿನದ ಬ್ಯಾಕಪ್ಪನ್ನು ಅದರಲ್ಲಿ ತಿಂಗಳುಗಟ್ಟಲೆ ಇಡೋಣ ಅಂದರು ಟೀಚರ್. ಷಿಜಿತ್ ಎದ್ದು ನಿಂತ.

"ಬ್ಯಾಕಪ್ ಅಂದ್ರೆ ನಿನ್ನೆ ಸಂಜೆ ತೆಗೆದ ಫೋಟೋ, ಟೀಚರೇ. ಆಮೇಲೆ ಏನಾಯ್ತೋ ಅದಕ್ಕೆ ಗೊತ್ತಿರಲ್ಲ. ಇದನ್ನ ಕನ್ನಡಿ ಮಾಡೋಣ. ಕಲ್ಲಿಕೋಟೆಲಿ ನನ್ನ ಗೆಳೆಯನ ಆಫೀಸಲ್ಲಿ ಇಡ್ತೀನಿ. ಇಲ್ಲಿ ಬರೆದದ್ದು ಆ ಕ್ಷಣಕ್ಕೇ ಅಲ್ಲೂ ಬರೆದಾಗುತ್ತೆ. ಇಲ್ಲಿ ಸಿಡಿಲು ಹೊಡೆದ್ರೆ ಅಲ್ಲಿಂದ ಶುರು. ಒಂದಕ್ಷರ ಹೋಗಲ್ಲ."

"ಮುಖಕ್ಕೆ ಮಸಿ ಹತ್ತಿದ್ರೆ?" ಅಂದರು ಟೀಚರ್.

"ಏನು?"

"ಕನ್ನಡಿಲೂ ಮಸಿನೇ ಅಲ್ವಾ ಮೋನೇ ಕಾಣೋದು?" ಅಂದರು ಟೀಚರ್, ಮಗನನ್ನು ಕರೆಯುವ ಹಾಗೆ.

ಎಲ್ಲರೂ ನಕ್ಕರು. ನಕ್ಕು ಕನ್ನಡಿಗೇ ಕೈ ಎತ್ತಿದರು, ಯಾಕೆಂದರೆ ಒಂಬತ್ತು ದಿನ ಅಲೆದ ಕಾಲುನೋವು ಇನ್ನೂ ಎಲ್ಲರ ನೆನಪಿನಲ್ಲಿತ್ತು. ಸಭೆ ಮುಗಿದ ಮೇಲೆ ಷಿಜಿತ್ ಟೀಚರ ಹತ್ತಿರ ಬಂದು, ತಾನೇನೋ ದೊಡ್ಡ ಉಪಕಾರ ಮಾಡುವವನ ಹಾಗೆ, "ಇನ್ಮೇಲೆ ಆ ಡಬ್ಬಿ ಹೊತ್ಕೊಂಡು ಬಸ್ಸಲ್ಲಿ ಒದ್ದಾಡೋದು ಬೇಡ ಟೀಚರೇ, ನಿಲ್ಲಿಸಿಬಿಡಿ" ಅಂದ. ಟೀಚರ್ "ಆಯ್ತು" ಅಂದರು. ಅವನೂ ನಂಬಿದ. ಎಂಟನೇ ಕ್ಲಾಸಿನ ಪಡ್ಡೆಗಳನ್ನು ಮೂವತ್ತೊಂದು ವರ್ಷ ಪಳಗಿಸಿದ ಹೆಂಗಸಿನ "ಆಯ್ತು" ಎಷ್ಟು ತೂಕದ್ದು ಅಂತ ಅವನಿಗೆ ತಿಳಿಯುವುದಾದರೂ ಹೇಗೆ.

ಆ ಮಂಗಳವಾರ ಮಧ್ಯಾಹ್ನದೊಳಗೆ ಪಂಚಾಯತಿಗೆ ಒಂದು ಪಟ್ಟಿ ಕಳಿಸಬೇಕಿತ್ತು. ಒಬ್ಬ ರೋಗಿಗೆ ಒಂದೇ ಹಾಳೆ ಇರಬೇಕು, ಎರಡೆರಡು ಇರಕೂಡದು ಅಂತ ಅವರ ಪಟ್ಟು. ಆದರೆ ಈ ಕಡೆ ಹಾಸಿಗೆ ಹಿಡಿದವರು ಒಂದೇ ಮನೆಯಲ್ಲಿ ಇರುವುದಿಲ್ಲ. ಒಂದು ತಿಂಗಳು ಹಿರಿಮಗಳ ಮನೆ, ಇನ್ನೊಂದು ತಿಂಗಳು ಕಿರಿಮಗನ ಮನೆ. ಜೀಪು ಹೊಸ ಮನೆಗೆ ಹೋದಾಗ ಹೊಸ ಮನೆ ಹೆಸರಿನಲ್ಲಿ ಹೊಸ ಹಾಳೆ ತೆರೆದುಕೊಳ್ಳುತ್ತದೆ. ಹೀಗೆ ಒಬ್ಬರೇ ಎರಡಾಗಿ ಮೂರಾಗಿ ಕೂತಿದ್ದರು.

ಎಲ್ಲ ಗೊಂದಲಕ್ಕೂ ಮನೆ ಹೆಸರೇ ಕಾರಣ ಅಂತ ಷಿಜಿತ್‌ಗೆ ಹೊಳೆಯಿತು. ಮನೆ ಹೆಸರನ್ನು ಬಿಟ್ಟುಬಿಟ್ಟರೆ? ಹೆಸರು ಒಂದೇ, ವಾರ್ಡು ಒಂದೇ, ವಯಸ್ಸು ಒಂದೇ ಆಗಿದ್ದರೆ ಮನುಷ್ಯರೂ ಒಬ್ಬರೇ. ಹಾಗಿರುವವರ ಹಾಳೆಗಳನ್ನು ಸೇರಿಸಿ ಒಂದು ಮಾಡು ಅಂತ ಕಂಪ್ಯೂಟರಿಗೆ ಹೇಳಿಕೊಟ್ಟ. ಮೊದಲ ಹತ್ತನ್ನು ಕಣ್ಣಾರೆ ನೋಡಿದ, ಹತ್ತೂ ಸರಿಯಾಗಿದ್ದವು. ಉಳಿದದ್ದಕ್ಕೂ ಗುಂಡಿ ಒತ್ತಿದ. ಸಾವಿರದ ನೂರ ನಲವತ್ತು ಹಾಳೆ ಏಳುನೂರ ತೊಂಬತ್ತೊಂದಾಯಿತು. ಇಷ್ಟೊಂದು ಕಸ ಇತ್ತಲ್ಲ ಅಂದುಕೊಂಡು ಸುಲೈಮಾನಿ ಚಹಾದ ಲೋಟ ಎತ್ತಿಕೊಂಡ.

ಅಂಗಳದಲ್ಲಿ ಜೀಪಿನ ಪಕ್ಕ ಔಷಧದ ಪೆಟ್ಟಿಗೆ ತುಂಬಿಸುತ್ತಿದ್ದ ಸಿಸ್ಟರ್ ಲಿಲ್ಲಿಕುಟ್ಟಿ ಕೈಯಲ್ಲಿದ್ದ ಫೋನನ್ನೇ ನೋಡುತ್ತ ಕೂಗಿದರು. "ಷಿಜೀ, ಬಾರೋ ಇಲ್ಲಿ. ನಮ್ಮ ಪಾತುಮ್ಮಂಗೆ ಆರು ಜನ ಗಂಡಂದಿರು ಅಂತಿದೆಯಲ್ಲೋ ಇದು!"

"ಆರಾ?" ಜೀಪಿನ ಗಾಜು ಒರೆಸುತ್ತಿದ್ದ ಡ್ರೈವರ್ ಕುಂಞಾಪ್ಪು ತಿರುಗಿದ. "ಒಬ್ಬನ್ನ ಸಾಕೋದೇ ಕಷ್ಟ ಅಂತ ನನ್ನ ಹೆಂಡತಿ ದಿನಾ ಹೇಳ್ತಾಳೆ."

"ಗಂಟಲಲ್ಲಿ ಗಡ್ಡೆ, ಕಾಲಲ್ಲಿ ಹುಣ್ಣು, ಎಡಗೈ ಸ್ವಾಧೀನ ಇಲ್ಲ, ಕಿಡ್ನಿ ಕೆಟ್ಟಿದೆ. ಎಲ್ಲಾ ಒಬ್ಬಳಿಗೇ. ಇಷ್ಟೆಲ್ಲ ಇದ್ರೆ ಬದುಕಿರೋದು ಹೇಗೋ ಪಾಪ?"

ಷಿಜಿತ್ ನಗುತ್ತಲೇ ಹೋದ. ಹಾಳೆ ನೋಡಿದ ಮೇಲೆ ನಗು ನಿಂತಿತು. ಪಾತುಮ್ಮ, ಎಪ್ಪತ್ತು ವರ್ಷ, ಒಂಬತ್ತನೇ ವಾರ್ಡು. ಒಂಬತ್ತನೇ ವಾರ್ಡಿನಲ್ಲಿ ಪಾತುಮ್ಮ ಅನ್ನುವವರು ಏಳು ಜನರಿದ್ದರು, ಏಳೂ ಜನರಿಗೆ ಎಪ್ಪತ್ತು. ಅವರನ್ನು ಒಬ್ಬರಿಂದ ಒಬ್ಬರನ್ನು ಬೇರೆ ಮಾಡುತ್ತಿದ್ದದ್ದು ಮನೆ ಹೆಸರೊಂದೇ. ಏಳು ಜನರ ಕಾಯಿಲೆಗಳು ಒಂದರ ಕೆಳಗೊಂದು ಕೂತಿದ್ದವು, ಮಾತ್ರೆಯ ಸಾಲು, ಸಿಸ್ಟರುಗಳ ಬರಹದ ಸಾಲು ಮಾತ್ರ ಒಂದೊಂದೇ ಉಳಿದಿತ್ತು. ಅದು ಯಾವ ಪಾತುಮ್ಮನದ್ದು ಅಂತ ಹೇಳುವವರಿಲ್ಲ. ಪಾತುಮ್ಮಂದಿರ ಗತಿಯೇ ಆಮಿನಮ್ಮಂದಿರದ್ದೂ, ಕಲ್ಯಾಣಿಯಮ್ಮಂದಿರದ್ದೂ.

ಅವನು ಒಳಗೆ ಓಡಿದ. ಕನ್ನಡಿ ಇದೆಯಲ್ಲ! ಕಲ್ಲಿಕೋಟೆಯ ಮಿಷನ್ನನ್ನು ತೆರೆದ. ಅಲ್ಲೂ ಏಳುನೂರ ತೊಂಬತ್ತೊಂದು. ಅಲ್ಲೂ ಪಾತುಮ್ಮನಿಗೆ ಆರು ಗಂಡಂದಿರು. ತಾನು ಸಮಿತಿಗೆ ಮಾತು ಕೊಟ್ಟಿದ್ದ ಹಾಗೆಯೇ ಒಂದಕ್ಷರವೂ ಬಿಟ್ಟುಹೋಗಿರಲಿಲ್ಲ.

ಹಿಂದೆಯೇ ಬಂದ ಸಿಸ್ಟರಿಗೆ ಈಗ ತಮಾಷೆ ಮರೆತುಹೋಗಿತ್ತು. "ಕಿಳಕ್ಕೇತೊಡಿ ಮನೆ ಪಾತುಮ್ಮಂಗೆ ಹತ್ತು ಗಂಟೆ ಡೋಸಿಗೆ ಮಾರ್ಫಿನ್ ಮಾತ್ರೆ ಮುಗೀತದೆ. ಎರಡು ಗಂಟೆಗೆ ಮುಂದಿನ ಡೋಸು. ಅಷ್ಟರಲ್ಲಿ ನಾನು ಹೋಗಿ ಒಂದು ವಾರದ್ದು ಕಟ್ಟಿ ಕೊಡಬೇಕು. ಎಷ್ಟು ಅಂತ ಕಟ್ಲಿ? ಕಮ್ಮಿ ಆದ್ರೆ ನೋವಲ್ಲಿ ಅರಚ್ತಾರೆ. ಜಾಸ್ತಿ ಆದ್ರೆ ಮಲಗಿದವರು ಏಳಲ್ಲ ಕಣೋ."

"ನಿಮಗೆ ನೆನಪಿಲ್ವಾ ಸಿಸ್ಟರೇ?"

"ಇವತ್ತಿನ ಜೀಪಿಗೆ ಮೂವತ್ತೊಂದು ಮನೆ ಇದೆ. ನೆನಪಿಂದ ಮಾರ್ಫಿನ್ ಕೊಡೋ ನರ್ಸನ್ನ ಮೊದಲು ಜೈಲಿಗೆ ಹಾಕಬೇಕು."

ಒಂಬತ್ತೂವರೆಯ ಬಸ್ಸಿಗೆ ಆಯಿಷಾಬಿ ಟೀಚರ್ ಬಂದಿಳಿದಾಗ ಷಿಜಿತ್ ಬಾಗಿಲಲ್ಲೇ ನಿಂತಿದ್ದ. ಸುತ್ತಿಬಳಸದೆ ಹೇಳಿದ. ಏನು ಮಾಡಿದೆ, ಯಾಕೆ ಮಾಡಿದೆ, ಕನ್ನಡಿಯಲ್ಲೂ ಅದೇ ಇದೆ ಅಂತ. ಬೈಗುಳಕ್ಕೆ ತಲೆ ತಗ್ಗಿಸಿ ಕಾದ. ಟೀಚರ್ ಬೈಯಲಿಲ್ಲ. ಬುತ್ತಿಯ ಬ್ಯಾಗನ್ನು ಮೇಜಿನ ಮೇಲಿಟ್ಟು, ಊಟದ ಡಬ್ಬಿ ತೆಗೆದು, ಕೊಡೆ ತೆಗೆದು, ಎಲ್ಲಕ್ಕಿಂತ ಕೆಳಗಿದ್ದ ಹಸಿರು ಚೀಲವನ್ನು ಹೊರಗೆಳೆದರು.

"ನಿನ್ನೆ ನಾಲ್ಕೂವರೆದು."

ಷಿಜಿತ್ ಚೀಲ ನೋಡಿದ, ಟೀಚರ ಮುಖ ನೋಡಿದ. "ನಿಲ್ಲಿಸಿ ಅಂದಿದ್ದೆನಲ್ಲ ನಾನು?"

"ಅಂದಿದ್ದೆ."

"ಆಯ್ತು ಅಂದ್ರಿ!"

"ಎದುರು ಮಾತಾಡಿದ್ರೆ ನೀನು ಇನ್ನೂ ಅರ್ಧ ಗಂಟೆ ಭಾಷಣ ಮಾಡ್ತಿದ್ದೆ. ನಂಗೆ ಬಸ್ಸಿಗೆ ಹೊತ್ತಾಗಿತ್ತು. ನೀನು ಸಂಜೆ ಚಹಾಕ್ಕೆ ಅಂತ ಹೋಗ್ತೀಯಲ್ಲ, ಆಗ ಇಳಿಸ್ಕೊಳ್ತಿದ್ದೆ. ಈಗ ಬಾಯಿ ಮುಚ್ಚು, ಕೆಲಸ ಶುರು ಮಾಡು."

ಬದುಕಿಕೊಂಡೆ ಅನ್ನುವ ಮಾತಿನ ಅರ್ಥ ಆ ಹೊತ್ತಿಗೆ ಅವನಿಗೆ ಆದಷ್ಟು ಹಿಂದೆಂದೂ ಆಗಿರಲಿಲ್ಲ. ಡಬ್ಬಿಯ ತಂತಿಯನ್ನು ಕಂಪ್ಯೂಟರಿಗೆ ಚುಚ್ಚಿ, ಕೆಟ್ಟುಹೋದ ಹಾಳೆಗಳನ್ನೆಲ್ಲ ಒಂದೇ ಏಟಿಗೆ ಅಳಿಸಲು ಹೊರಟ. ಟೀಚರ್ ಅವನ ಕೈ ಹಿಡಿದರು.

"ಅವಸರ ಮಾಡಬೇಡ. ಉತ್ತರ ತಪ್ಪಾಯ್ತು ಅಂತ ಲೆಕ್ಕ ಮಾಡಿದ ಹಾಳೆ ಹರಿಯೋ ಹುಡುಗರಿಗೆ ನಾನು ಮಾರ್ಕು ಕೊಡ್ತಾ ಇರಲಿಲ್ಲ. ಕೆಟ್ಟದ್ದನ್ನೂ ಪಕ್ಕದಲ್ಲಿ ಇಟ್ಕೋ. ನಿನ್ನೆ ನಾಲ್ಕೂವರೆ ಆದ ಮೇಲೆ ಬರೆದದ್ದು ಈ ಡಬ್ಬಿಲಿಲ್ಲ. ಅದು ಇರೋದು ನಿನ್ನ ಕನ್ನಡಿಲೇ."

ಅದೇ ಸರಿಯಾದ ದಾರಿಯಾಗಿತ್ತು. ಡಬ್ಬಿಯಿಂದ ಸಾವಿರದ ನೂರ ನಲವತ್ತು ಹಾಳೆಗಳೂ ಹತ್ತೂಕಾಲಿನ ಹೊತ್ತಿಗೆ ಎದ್ದು ಬಂದವು. ಏಳು ಪಾತುಮ್ಮಂದಿರು ಏಳು ಮನೆಗಳಲ್ಲಿ ಕೂತಿದ್ದರು. ಆರು ಜನ ತಮ್ಮ ತಮ್ಮ ಗಂಡಂದಿರ ಜೊತೆ, ಏಳನೆಯವಳು ಮದುವೆಯೇ ಆಗದವಳು, ಒಬ್ಬಳೇ ಕೂತಿದ್ದಳು. ನಿನ್ನೆ ಸಂಜೆಯ ನಂತರ ಹದಿನೇಳು ಮನೆಗಳ ಬರಹ ಸೇರಿತ್ತು. ಹನ್ನೊಂದು ಮನೆಯವರ ಹೆಸರಿಗೆ ಜೋಡಿ ಇರಲಿಲ್ಲವಾದ್ದರಿಂದ ಅವು ಕೆಡದೆ ಉಳಿದಿದ್ದವು, ಕನ್ನಡಿಯಿಂದ ಹಾಗೇ ಎತ್ತಿಕೊಂಡರಾಯಿತು. ಆರು ಮನೆಯವು ಕಲಸಿಹೋಗಿದ್ದವು.

ಆ ಆರರಲ್ಲಿ ಕಿಳಕ್ಕೇತೊಡಿಯ ಪಾತುಮ್ಮನೂ ಒಬ್ಬರು. ನಿನ್ನೆ ಸಂಜೆ ಆರಕ್ಕೆ ಅವರ ಮನೆಯಿಂದ ಕರೆ ಬಂದು, ಸಿಸ್ಟರ್ ರಶೀದ ಹೋಗಿ ಬಂದಿದ್ದರು. ಬ್ಯಾಕಪ್ಪಿನ ಹಾಳೆ ಪ್ರಕಾರ ನಾಲ್ಕು ಗಂಟೆಗೊಮ್ಮೆ ಎರಡು ಮಾತ್ರೆ. ಆರು ಗಂಟೆಗೆ ರಶೀದ ಏನು ಬರೆದರು? ರಶೀದ ಇವತ್ತು ತಿರುವನಂತಪುರದಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಕೂತಿದ್ದರು. ಫೋನು ಪರೀಕ್ಷೆಯ ಕೋಣೆಯ ಹೊರಗೆ, ಒಂದು ಗಂಟೆಯವರೆಗೆ ಸಿಗುವ ಹಾಗಿಲ್ಲ.

"ಎರಡು ಅಂತ ಕಟ್ಟಿಬಿಡ್ಲಾ?" ಸಿಸ್ಟರ್ ಲಿಲ್ಲಿಕುಟ್ಟಿ ಕೇಳಿದರು, ತಮಗೇ ಒಪ್ಪಿಗೆಯಿಲ್ಲದವರ ಹಾಗೆ.

"ಮೊಳೆಗೆ ನೇತು ಹಾಕಿರೋ ಪುಸ್ತಕ ಇದೆಯಲ್ಲ" ಅಂದರು ಟೀಚರ್.

ಪ್ರತಿ ರೋಗಿಯ ಮನೆಯಲ್ಲೂ ಹಾಸಿಗೆಯ ಪಕ್ಕ ಗೋಡೆಗೆ ಮೊಳೆ ಹೊಡೆದು ಒಂದು ಉದ್ದನೆಯ ನೋಟುಪುಸ್ತಕ ನೇತುಹಾಕಿರುತ್ತದೆ. ಬಂದ ಸಿಸ್ಟರ್ ಅದರಲ್ಲೂ ಎರಡು ಸಾಲು ಬರೆದೇ ಹೊರಡಬೇಕು. ಕಂಪ್ಯೂಟರ್ ಬರುವುದಕ್ಕೆ ಮುಂಚಿನ ಪದ್ಧತಿ. ಇದೇನು ಎರಡೆರಡು ಸಲ ಬರೆಯುವ ದಂಡದ ಕೆಲಸ ಅಂತ ಷಿಜಿತ್ ಅದನ್ನೂ ನಿಲ್ಲಿಸಲು ಹೊರಟಿದ್ದ. ಸಿಸ್ಟರುಗಳು ಅವನ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಇದ್ದದ್ದು ಎಷ್ಟು ಜನರ ಪುಣ್ಯ.

ಆರು ಮನೆಯ ನಂಬರುಗಳನ್ನು ಹಂಚಿಕೊಂಡರು. ಕುಂಞಾಪ್ಪು ಕೂಡ ಒಂದು ಮನೆಗೆ ಫೋನು ಹಚ್ಚಿ, ಅಲ್ಲಿ ಕಿವಿ ಕೇಳದ ಅಜ್ಜನ ಜೊತೆ ಇಡೀ ಅಂಗಳಕ್ಕೆ ಕೇಳುವ ಹಾಗೆ ಅರಚತೊಡಗಿದ. ಕಿಳಕ್ಕೇತೊಡಿಯ ನಂಬರನ್ನು ಷಿಜಿತ್ ತಾನೇ ಇಟ್ಟುಕೊಂಡ. ಏಳೆಂಟು ಸಲ ರಿಂಗಾದ ಮೇಲೆ ತೆಳ್ಳನೆಯ ದನಿ ಬಂತು.

"ಯಾರದು?"

"ಉಮ್ಮಾ, ನಾನು ಕ್ಲಿನಿಕ್ಕಿಂದ, ಷಿಜಿತ್ ಅಂತ. ಮನೇಲಿ ಬೇರೆ ಯಾರಿದಾರೆ?"

"ಸೊಸೆ ಬಟ್ಟೆ ಒಗೀತಿದಾಳೆ. ಯಾಕೆ ಮೋನೇ, ಜೀಪು ಬರಲ್ವಾ ಇವತ್ತು?"

"ಬರುತ್ತೆ ಉಮ್ಮ. ನಿಮ್ಮ ಮಾತ್ರೆ ಎಷ್ಟು ಅಂತ ಸರಿಯಾಗಿ ತಿಳ್ಕೊಳ್ಳೋಕೆ ಫೋನ್ ಮಾಡಿದೆ. ಪುಸ್ತಕ ಓದಿ ಹೇಳ್ಬೇಕಿತ್ತು."

"ಓದೋಕೆ ಬಂದಿದ್ರೆ ನಾನ್ಯಾಕೆ ಹೀಗಿರ್ತಿದ್ದೆ, ಕಲೆಕ್ಟರ್ ಆಗ್ತಿದ್ದೆ. ಇರು, ಕರೀತೀನಿ." ಸೊಸೆಯನ್ನು ಕೂಗಿದ ಮೇಲೆ ಮುದುಕಿ ಮತ್ತೆ ಫೋನಿಗೆ ಬಂದರು. "ನನ್ನೊಬ್ಬಳ ಮಾತ್ರೆ ಸರಿ ಇದೆಯಾ ಅಂತ ಕೇಳೋಕೆ ಫೋನ್ ಮಾಡಿದ್ಯಾ ನೀನು? ನಿನ್ನ ಹೊಟ್ಟೆ ತಣ್ಣಗಿರ್ಲಿ ಮೋನೇ."

ಆ ಹಾರೈಕೆ ಷಿಜಿತ್‌ಗೆ ಮುಳ್ಳಿನಂತೆ ಚುಚ್ಚಿತು. ಸುಮ್ಮನೆ ಇದ್ದುಬಿಡಬಹುದಿತ್ತು. ಇರಲಾಗಲಿಲ್ಲ. "ಉಮ್ಮಾ, ಹರಸಬೇಡಿ. ತಪ್ಪು ಮಾಡಿದ್ದೇ ನಾನು. ನಿಮ್ಮ ಹಾಳೆನ ಬೇರೆ ಆರು ಜನ ಪಾತುಮ್ಮಂದಿರ ಜೊತೆ ಸೇರಿಸಿಬಿಟ್ಟಿದ್ದೆ. ಅದಕ್ಕೇ ಕೇಳ್ತಿದೀನಿ."

ಆ ಕಡೆಯಿಂದ ಮುದುಕಿ ಕೆಮ್ಮುತ್ತ ನಕ್ಕರು. "ಆರೂ ಜನ ನಂಗೆ ಗೊತ್ತಿರೋರೇ. ಎಲ್ಲ ಒಟ್ಟಿಗೆ ಕೂತು ಮಾತಾಡಿ ಎಷ್ಟು ವರ್ಷ ಆಯ್ತೋ ಏನೋ. ಸೇರಿಸಿದ್ರೆ ಸೇರಿಸು. ಮಾತ್ರೆ ಮಾತ್ರ ನಂದು ನಂಗೇ ಕೊಡು."

ಸೊಸೆ ಬಂದು ಒದ್ದೆ ಕೈಯಲ್ಲೇ ಪುಸ್ತಕ ಬಿಡಿಸಿ ಓದಿದಳು. "ನಿನ್ನೆ ಸಂಜೆ ಆರೂ ಹತ್ತು. ನಿದ್ದೆ ಜಾಸ್ತಿ, ಮೂತ್ರ ಕಮ್ಮಿ. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಎರಡು ಅಂತ ಇದ್ದದ್ದನ್ನ ಹೊಡೆದುಹಾಕಿ ಒಂದು ಅಂತ ಬರ್ದಿದಾರೆ. ಕೆಳಗೆ ಎರಡು ಸಲ ಗೆರೆ ಎಳೆದಿದಾರೆ."

ಷಿಜಿತ್ ಮತ್ತೊಮ್ಮೆ ಓದಿಸಿದ. ಒಂದು. ಡಬ್ಬಿಯಲ್ಲಿದ್ದದ್ದು ಎರಡು, ಕನ್ನಡಿಯಲ್ಲಿದ್ದದ್ದು ಏಳು ಜನರ ಕಲಸುಮೇಲೋಗರ, ಸರಿಯಾದದ್ದು ಇದ್ದದ್ದು ಗೋಡೆಯ ಮೊಳೆಯಲ್ಲಿ. ಫೋನಿಟ್ಟು, ಒಂದು ಅಂತ ಹಾಳೆಯಲ್ಲಿ ತಿದ್ದಿ, ಸಿಸ್ಟರಿಗೆ ತೋರಿಸಿದ. ಮಧ್ಯಾಹ್ನ ಒಂದೂ ಹತ್ತಕ್ಕೆ ರಶೀದ ಪರೀಕ್ಷೆ ಮುಗಿಸಿ ಫೋನು ಮಾಡಿ, ಒಂದೇ ಅಂತ ಖಾತ್ರಿಪಡಿಸಿದರು. ಅಷ್ಟರಲ್ಲಿ ಜೀಪು ಹೊರಟು ಎರಡು ತಾಸಾಗಿತ್ತು. ಸಿಸ್ಟರ್ ಲಿಲ್ಲಿಕುಟ್ಟಿ ಆ ಮಾತ್ರೆಗಳನ್ನು ಪಾತುಮ್ಮನ ದಿಂಬಿನ ಪಕ್ಕ ಎಣಿಸಿಟ್ಟೂ ಆಗಿತ್ತು.

ಪಂಚಾಯತಿಗೆ ಪಟ್ಟಿ ಹೋಗಲಿಲ್ಲ. ನಾಳೆ ಕೊಡ್ತೀವಿ, ಬೇಕಾದ್ರೆ ಬಂದು ನಮ್ಮ ಏಳು ಪಾತುಮ್ಮಂದಿರ ಹಾಳೆಗಳನ್ನ ನೀವೇ ಎಣಿಸಿಕೊಳ್ಳಿ ಅಂತ ಟೀಚರೇ ಫೋನಿನಲ್ಲಿ ಹೇಳಿದರು. ಆಮೇಲೆ ಊಟದ ಡಬ್ಬಿ ಬಿಚ್ಚಿ, ಅನ್ನವನ್ನೂ ಮೀನಿನ ಸಾರನ್ನೂ ಅರ್ಧ ಅವನ ತಟ್ಟೆಗೆ ಹಾಕಿದರು. ಬೆಳಗಿನಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ಟೀಚರೇ," ಅಂದ ಷಿಜಿತ್, ತುತ್ತು ಕೈಯಲ್ಲೇ ಹಿಡಿದು. "ನೀವು ನನ್ನ ಮಾತು ಕೇಳದೆ ಇದ್ದಿದ್ದಕ್ಕೆ... ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ. ಇವತ್ತು ನನ್ನನ್ನ ಉಳಿಸಿದ್ರಿ."

"ನಿನ್ನನ್ನ ಉಳಿಸೋಕೆ ನಾನು ಮಾಡಿದ್ದಲ್ಲ. ಊಟ ಆದ ಮೇಲೆ ಒಂದು ಹಾಳೆ ತೆಗೆದು ತೋರಿಸು, ಸರಿಯಾಗಿ ಬಂದಿದೆಯಾ ನೋಡ್ಬೇಕು. ಪುತ್ತನ್‌ಪುರಯ್ಕಲ್ ಮನೆ. ಮುಚ್ಚಿರೋ ಹಾಳೆಗಳಲ್ಲಿ ಹುಡುಕು."

ಮುಚ್ಚಿದ ಹಾಳೆ ಅಂದರೆ ತೀರಿಕೊಂಡವರದ್ದು. ಷಿಜಿತ್ ಕೈ ತೊಳೆದುಕೊಂಡು ಬಂದು ಹುಡುಕಿದ. ಸಿಕ್ಕಿತು. ಪಾತುಮ್ಮ, ಎಪ್ಪತ್ತು ವರ್ಷ, ಒಂಬತ್ತನೇ ವಾರ್ಡು, ಪುತ್ತನ್‌ಪುರಯ್ಕಲ್ ಮನೆ. ಬೆಳಿಗ್ಗೆ ಸೇರಿಸಿದ ಏಳು ಜನರಲ್ಲಿ ಇವರೂ ಒಬ್ಬರು. ಕೊನೆಯ ಬರಹ ನಾಲ್ಕು ವರ್ಷದ ಹಿಂದಿನದು, ಸಿಸ್ಟರ್ ಲಿಲ್ಲಿಕುಟ್ಟಿ ಬರೆದದ್ದು. 'ಇವತ್ತು ನೋವಿಲ್ಲ. ಹುರಿದ ಮತ್ತಿ ಮೀನು ಬೇಕು ಅಂದರು. ಪಕ್ಕದ ಮನೆಯಿಂದ ತಂದುಕೊಟ್ಟೆ. ಅರ್ಧ ತಿಂದರು. ಉಪ್ಪಿಲ್ಲ ಅಂತ ನನ್ನನ್ನು ಬೈದರು. ಆಮೇಲೆ ತುಂಬಾ ಹೊತ್ತು ನಕ್ಕರು.'

"ಇವರು?"

"ನನ್ನ ಹೆತ್ತ ಉಮ್ಮ" ಅಂದರು ಟೀಚರ್. "ಅದು ಅವರ ಕೊನೇ ಮಂಗಳವಾರ. ನಾನು ಶಾಲೆಲಿದ್ದೆ, ಪರೀಕ್ಷೆ ಪೇಪರ್ ತಿದ್ತಾ. ಉಮ್ಮ ನಕ್ಕಿದ್ದನ್ನ ನೋಡಿದ್ದು ಲಿಲ್ಲಿಕುಟ್ಟಿ ಒಬ್ಬಳೇ. ಮನೇಲಿದ್ದ ಪುಸ್ತಕ ಆ ವರ್ಷದ ನೆರೆ ನೀರಲ್ಲಿ ಹೋಯ್ತು. ಆ ನಗು ಇರೋದು ಈಗ ಇದೊಂದೇ ಕಡೆ." ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ನಿನ್ನ ಕನ್ನಡಿ ಮೇಲೆ ನಂಬಿಕೆ ಇಲ್ಲ ಅಂತಲ್ಲ ಮೋನೇ. ಸಂಜೆ ಆದ ಕೂಡಲೆ ಉಮ್ಮನ್ನ ಇಲ್ಲಿ ಒಬ್ಬಳನ್ನೇ ಬಿಟ್ಟು ಹೋಗೋಕೆ ಮನಸಾಗ್ತಿರಲಿಲ್ಲ. ಅಷ್ಟೇ."

ಬೆಳಿಗ್ಗೆ ಒಂದು ಗುಂಡಿ ಒತ್ತಿ ತಾನು ಕಸ ಅಂದುಕೊಂಡದ್ದು ಏನೇನು ಅಂತ ಷಿಜಿತ್ ಲೆಕ್ಕ ಹಾಕಲಿಲ್ಲ, ಹಾಕುವ ಧೈರ್ಯ ಬರಲಿಲ್ಲ. ಪಕ್ಕಕ್ಕಿಟ್ಟಿದ್ದ ಕೆಟ್ಟ ಹಾಳೆಯಲ್ಲಿ ಆ ಸಾಲುಗಳನ್ನು ಹುಡುಕಿ ನೋಡಿದ. ಅಲ್ಲಿ ಮತ್ತಿ ಮೀನೂ ಇರಲಿಲ್ಲ, ನಗುವೂ ಇರಲಿಲ್ಲ.

"ಉಮ್ಮಂಗೆ ನಿಜವಾಗ್ಲೂ ಎಷ್ಟು ವಯಸ್ಸಾಗಿತ್ತು ಟೀಚರೇ?"

"ಎಂಬತ್ಮೂರು. ಆದ್ರೆ ತಿದ್ದಬೇಡ. ಎಪ್ಪತ್ತು ಅಂದ್ರೆ ಅವರಿಗೆ ಖುಷಿ ಇತ್ತು."

ಅವನು ವಯಸ್ಸು ತಿದ್ದಲಿಲ್ಲ. ಆ ಸಂಜೆ ಚಹಾಕ್ಕೆ ಹೋಗಲೂ ಇಲ್ಲ. ಕಲ್ಲಿಕೋಟೆಯ ಕನ್ನಡಿ ಮೊದಲಿನಂತೆ ನಡೆಯುತ್ತಿತ್ತು, ಸಿಡಿಲಿಗೆ ಅದು ಬೇಕೇ ಬೇಕು. ನಾಲ್ಕೂವರೆಗೆ ಅವನು ತಾನೇ ಡಬ್ಬಿಗೆ ಎಲ್ಲ ಹಾಳೆಗಳನ್ನು ಇಳಿಸಿದ. ಇಳಿಸಿದ ಮೇಲೆ ಡಬ್ಬಿಯಿಂದಲೇ ಪುತ್ತನ್‌ಪುರಯ್ಕಲ್ ಹಾಳೆಯನ್ನು ತೆರೆದು, ನಕ್ಕರು ಅನ್ನುವ ಕೊನೆಯ ಮಾತಿನವರೆಗೂ ಓದಿ ನೋಡಿಕೊಂಡ. ಹಸಿರು ಚೀಲದಲ್ಲಿಟ್ಟು, ದಾರ ಎಳೆದು ಗಂಟು ಹಾಕಿ, ಬಸ್ ಸ್ಟಾಪಿನವರೆಗೂ ಜೊತೆಗೆ ಹೋದ.

ಬಸ್ಸು ಬಂತು. ಟೀಚರ್ ಹತ್ತಿ ಕಿಟಕಿಯ ಪಕ್ಕ ಕೂತರು. ಷಿಜಿತ್ ಕೆಳಗಿನಿಂದ ಕೈ ಎತ್ತಿ, ಎರಡೂ ಅಂಗೈಯಲ್ಲಿ ಹಿಡಿದುಕೊಂಡಿದ್ದ ಚೀಲವನ್ನು ಅವರ ಮಡಿಲಿಗೆ ಕೊಟ್ಟ.

"ಉಮ್ಮನ್ನ ಮನೆಗೆ ಕರ್ಕೊಂಡು ಹೋಗಿ ಟೀಚರೇ" ಅಂದ.